ಆಡಿನ ಚರ್ಮದ ಗುಮಟೆ: ಇಬ್ಬನಿಯಲ್ಲೂ ಇಳಿಯದ ಹಾಗೆ ಹೊದೆಸಿದ ಬಗೆ

ಗುಮಟೆ ಎಂದರೆ ಎರಡು ಬಾಯಿಯ ಮಣ್ಣಿನ ಮಡಕೆ, ದೊಡ್ಡ ಬಾಯಿಗೆ ಚರ್ಮ ಹೊದೆಸಿ, ತೆರೆದ ಸಣ್ಣ ಬಾಯಿಯನ್ನು ಎಡಗೈಯಿಂದ ಮುಚ್ಚಿ ತೆರೆಯುತ್ತ ಬಾರಿಸುವ ವಾದ್ಯ. ಆಡಿನ ಚರ್ಮ ಹೊದೆಸಿದ ಗುಮಟೆ ಇಬ್ಬನಿಗೆ ಸಡಿಲಾಗಿ, ನಡುರಾತ್ರಿ ದಾಟಿದ ಮೇಲೆ ತಗಡಿನ ಡಬ್ಬಿಯಷ್ಟೂ ಕೇಳುವುದಿಲ್ಲ ಎಂಬುದು ಅಂಕೋಲೆ, ಕುಮಟೆ ಕಡೆ ಬಹುಪಾಲು ಬಾರಿಸುವವರ ಅಭಿಪ್ರಾಯ. ಎರಡು ವರ್ಷದ ಹಿಂದೆ ನನ್ನದೂ ಅದೇ ಆಗಿತ್ತು. ಕಳೆದ ಸುಗ್ಗಿ ಕುಣಿತದಲ್ಲಿ ನಾನು ಹೊದೆಸಿಕೊಟ್ಟ ಗುಮಟೆಗಳು ರಾತ್ರಿಯಿಡೀ ಹೊರಗೇ ಇದ್ದವು. ಬೆಂಕಿ ಕಾಯಿಸಿದ್ದು ರಾತ್ರಿಗೆ ಒಂದೇ ಸಲ, ಹೆಚ್ಚೆಂದರೆ ಎರಡು ಸಲ. ಬೆಳಗಿನ ಜಾವಕ್ಕೂ ದನಿ ಇಳಿದಿರಲಿಲ್ಲ. ಆಡಿನ ಚರ್ಮದಿಂದ ಆಗುವುದೇ ಇಲ್ಲ ಎಂದವರೇ ಈಗ ಚರ್ಮ ಹಿಡಿದು ಬರುತ್ತಿದ್ದಾರೆ. ಹಾಗಾಗಿ ಏನೇನು ಕೆಟ್ಟಿತು, ಕೊನೆಗೆ ಯಾವುದು ಸರಿಹೋಯಿತು ಎಂದು ಬರೆದಿಡುತ್ತಿದ್ದೇನೆ. ಗುಮಟೆ ಹಿಡಿದು ಗೊತ್ತಿರುವವರಿಗಾಗಿ ಬರೆದದ್ದು. ಬಾರಿಸುವ ಪಾಠ ಇದರಲ್ಲಿಲ್ಲ.

ಗುಮಟೆಗೆ ಹಿಂದೆ ಹೊದೆಸುತ್ತಿದ್ದದ್ದು ಉಡದ ಚರ್ಮ, ಮೊದಲು ಅದರ ಮಾತು ಮುಗಿಸಿಬಿಡುತ್ತೇನೆ. ಉಡದ ಚರ್ಮ ತೆಳು, ಕಣ ಒತ್ತೊತ್ತು, ತೇವಕ್ಕೆ ಅಷ್ಟಾಗಿ ಸಡಿಲಾಗುವುದಿಲ್ಲ. ಒಂದು ಸಲ ಹೊದೆಸಿದರೆ ವರ್ಷಗಟ್ಟಲೆ ಸೆಟೆದುಕೊಂಡೇ ಇರುತ್ತದೆ. ಇದೆಲ್ಲ ನಿಜ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿರುವ ಪ್ರಾಣಿ ಅದು. ಹಿಡಿದರೂ ಕೊಂದರೂ ಚರ್ಮ ಇಟ್ಟುಕೊಂಡರೂ ಅಪರಾಧವೇ, ಮೂರರಿಂದ ಏಳು ವರ್ಷ ಜೈಲು. ಅಜ್ಜನ ಕಾಲದ್ದು ಎಂದು ಅಟ್ಟದಿಂದ ಇಳಿಸಿ ತಂದ ಗುಮಟೆಯನ್ನೂ ನಾನು ಕೈಗೆತ್ತಿಕೊಳ್ಳುವುದಿಲ್ಲ. ಗೋವಾದವರು ತಮ್ಮ ಘುಮಟವನ್ನು 2019ರಲ್ಲಿ ರಾಜ್ಯದ ಪಾರಂಪರಿಕ ವಾದ್ಯ ಎಂದು ಘೋಷಿಸಿಕೊಂಡದ್ದು ಆಡಿನ ಚರ್ಮವನ್ನು ಒಪ್ಪಿಕೊಂಡ ಮೇಲೆಯೇ. ಅವರಿಗೆ ಆದದ್ದು ನಮಗೇಕೆ ಆಗಬಾರದು?

ನಮ್ಮ ಕಡೆಯ ಅಗತ್ಯ ಸ್ವಲ್ಪ ಬೇರೆ, ಅದನ್ನು ಹೇಳದೆ ಮುಂದಿನ ಅಳತೆಗಳು ಅರ್ಥವಾಗುವುದಿಲ್ಲ. ಹಾಲಕ್ಕಿ ಒಕ್ಕಲಿಗರು ಕಾಳಿ ಹೊಳೆಯಿಂದ ಶರಾವತಿಯವರೆಗಿನ ಕರಾವಳಿಯಲ್ಲಿ, ಅಂದರೆ ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ ತಾಲೂಕುಗಳಲ್ಲಿ ಕೊಪ್ಪ ಕೊಪ್ಪವಾಗಿ, ಅಂದರೆ ಸಣ್ಣ ಸಣ್ಣ ಕೇರಿಗಳಾಗಿ ಇದ್ದಾರೆ. ಅಂಕೋಲೆ, ಗೋಕರ್ಣ, ಮಿರ್ಜಾನ, ಚಂದಾವರ ಹೀಗೆ ಸೀಮೆಗಳು. ಗುಮಟೆ ಇವರಲ್ಲಿ ಎರಡು ಬೇರೆ ಬೇರೆ ಕೆಲಸಕ್ಕೆ ಬರುತ್ತದೆ. ಹೋಳಿ ಹುಣ್ಣಿಮೆಗೆ ಮುಂಚಿನ ಸುಗ್ಗಿಯಲ್ಲಿ ತುರಾಯಿ ಕಟ್ಟಿದ ಮೇಳ ಮನೆಮನೆಗೆ ಹೋಗಿ ಕುಣಿಯುವಾಗ ಅದು ಕೊರಳಿಗೆ ನೇತುಬಿದ್ದಿರುತ್ತದೆ, ಪಕ್ಕದಲ್ಲೇ ಜಾಗಟೆ ಬಡಿಯುತ್ತಿರುತ್ತದೆ, ಅಂಗಳ ಬಯಲು. ಗುಮಟೆ ಪಾಂಗಿನಲ್ಲಿ ಹಾಗಲ್ಲ. ಕೂತು ಹಾಡುವ ಹಾಡು, ಕಥೆ ಉದ್ದ, ಹಾಡಿನ ಒಂದು ಶಬ್ದವೂ ಮುಚ್ಚಿಹೋಗಬಾರದು. ಸುಗ್ಗಿಗೆ ಬೇಕಾದ್ದು ಜಾಗಟೆಯನ್ನು ಸೀಳಿ ಹೊರಬರುವ ಏಟು. ಪಾಂಗಿಗೆ ಬೇಕಾದ್ದು ಎಡಗೈ ಮುಚ್ಚಿ ತೆರೆದಾಗ ಹೊಟ್ಟೆಯಿಂದ ಏಳುವ ಗುಮ್ಮೆನ್ನುವ ದನಿ. ಉಡದ ಚರ್ಮ ಇವೆರಡನ್ನೂ ಒಂದೇ ಮಡಕೆಯಲ್ಲಿ ನಿಭಾಯಿಸುತ್ತಿತ್ತು. ಆಡಿನ ಚರ್ಮ ನಿಭಾಯಿಸುವುದಿಲ್ಲ. ಇದನ್ನು ಒಪ್ಪಿಕೊಂಡು ಎರಡಕ್ಕೂ ಬೇರೆ ಬೇರೆ ಗುಮಟೆ ಮಾಡಲು ಹೊರಟ ದಿನವೇ ಅರ್ಧ ಕೆಲಸ ಮುಗಿಯಿತು. ಅದಕ್ಕೆ ಮುಂಚಿನ ಒಂದು ವರ್ಷ ಎರಡನ್ನೂ ಒಂದರಲ್ಲೇ ತರಲು ಹೋಗಿ ಕಳೆದದ್ದು.

ಹಾಲಕ್ಕಿ ಹಾಡುಗಾರ್ತಿ, ಅಂಕೋಲೆಯ ಬಡಗೇರಿಯ ಸುಕ್ರಿ ಬೊಮ್ಮಗೌಡರು 2017ರಲ್ಲಿ ಪದ್ಮಶ್ರೀ ಪಡೆದು, 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಸುಕ್ರಜ್ಜಿಯ ನೆನಪಲ್ಲಿದ್ದ ಹಾಡುಗಳ ಲೆಕ್ಕ ಎಲ್ಲರೂ ಹೇಳುತ್ತಾರೆ. ಹಾಡು ಬರೆದಿಟ್ಟುಕೊಂಡರೆ ಉಳಿದೀತು, ಧ್ವನಿಮುದ್ರಣವೂ ಆಗಿದೆ. ಗುಮಟೆಯ ದನಿಯನ್ನು ಬರೆದಿಡಲಾಗುವುದಿಲ್ಲ, ಪ್ರತಿ ವರ್ಷ ಯಾರಾದರೂ ಹೊದೆಸಲೇಬೇಕು. ಪ್ಲಾಸ್ಟಿಕ್ ಡೋಲು ತಂದು ಸುಗ್ಗಿ ಮುಗಿಸುವ ಕೊಪ್ಪಗಳು ಹೆಚ್ಚುತ್ತಿರುವುದು ಹಾಡು ಮರೆತದ್ದರಿಂದಲ್ಲ, ಹೊದೆಸುವವರು ಸಿಗದ್ದರಿಂದ.

ಇನ್ನು ಮಡಕೆ. ನಾನು ಈಗ ಮಾಡಿಸುತ್ತಿರುವ ಸುಗ್ಗಿ ಗುಮಟೆಯ ದೊಡ್ಡ ಬಾಯಿ 7 ಇಂಚು, ಪಾಂಗಿನದು 8ರಿಂದ 8 ಕಾಲು. ಉದ್ದ ಎರಡಕ್ಕೂ ಹದಿಮೂರು ಇಂಚಿನ ಆಸುಪಾಸು, ಹೊಟ್ಟೆ ಹತ್ತು ಇಂಚು. ಸಣ್ಣ ಬಾಯಿ ಸುಗ್ಗಿಗೆ 4, ಪಾಂಗಿಗೆ 3 ಮುಕ್ಕಾಲು. ಈ ಕಾಲು ಇಂಚಿನ ವ್ಯತ್ಯಾಸದ ವಿಷಯ ಮುಂದೆ ಬರುತ್ತದೆ. ಕುಂಬಾರರಿಗೆ ಅಳತೆ ಹೇಳುವಾಗ ಸುಟ್ಟ ಮೇಲಿನ ಅಳತೆ ಹೇಳಿ ಮೋಸ ಹೋಗಬೇಡಿ. ನಮ್ಮ ಮಣ್ಣು ಒಣಗಿ ಸುಟ್ಟು ಮುಗಿಯುವಷ್ಟರಲ್ಲಿ ನೂರಕ್ಕೆ ಎಂಟು ಹತ್ತು ಭಾಗ ಕುಗ್ಗುತ್ತದೆ. 8 ಇಂಚು ಬೇಕಿದ್ದರೆ ತಿಗರಿಯ ಮೇಲೆ ಹೆಚ್ಚುಕಡಿಮೆ 8 ಮುಕ್ಕಾಲು ಇರಬೇಕು. ನನ್ನ ಮೊದಲ ಹತ್ತು ಮಡಕೆ ಈ ಲೆಕ್ಕ ಗೊತ್ತಿಲ್ಲದೆ ಮಕ್ಕಳ ಆಟಿಕೆಯಾದವು.

ದೊಡ್ಡ ಬಾಯಿಯ ಅಂಚು ಹೊರಕ್ಕೆ ಸುತ್ತಿಕೊಂಡು ಬಳೆಯ ಹಾಗೆ ನಿಲ್ಲಬೇಕು, ಕಿರುಬೆರಳ ದಪ್ಪ. ಅದರ ಕೆಳಗಿನ ಕಂಠದಲ್ಲೇ ಹುರಿ ಕೂರುವುದು. ಕಂಠ ಆಳವಿಲ್ಲದಿದ್ದರೆ ಹುರಿ ಎಷ್ಟೇ ಬಿಗಿದರೂ ಮೇಲಕ್ಕೆ ಜಾರುತ್ತದೆ, ಚರ್ಮ ರಾತ್ರೋರಾತ್ರಿ ಸಡಿಲ. ನೀರಿನ ಕೊಡ ಮಾಡಿ ಅಭ್ಯಾಸವಿರುವ ಕೈ ಬಾಯಂಚನ್ನು ಚೂಪಾಗಿ ಬಿಡುತ್ತದೆ. ಚೂಪು ಅಂಚಿನ ಮೇಲೆ ಬಿಗಿದ ಚರ್ಮ ಅಲ್ಲೇ ಸವೆದು ಹರಿಯುತ್ತದೆ. ಸುಟ್ಟ ಮೇಲೆ ಅಂಚನ್ನು ಮರಳು ಕಾಗದದಲ್ಲಿ ಉಜ್ಜಿ, ಕನ್ನಡಿಯ ಮೇಲೆ ಬೋರಲು ಇಟ್ಟು ನೋಡಿ. ಎಲ್ಲಾದರೂ ಬೆಳಕು ತೂರಿದರೆ ಮತ್ತೆ ಉಜ್ಜಬೇಕು. ಬಾಯಿ ಒಂದೇ ಮಟ್ಟದಲ್ಲಿಲ್ಲದ ಗುಮಟೆಯ ದನಿ ಒಂದೊಂದು ಕಡೆ ಒಂದೊಂದಾಗಿರುತ್ತದೆ. ಎಷ್ಟು ಜನ ಇದನ್ನು ಚರ್ಮದ ದೋಷ ಎಂದುಕೊಂಡು ಚರ್ಮ ಬದಲಿಸುತ್ತಾ ಹೋಗಿದ್ದಾರೋ.

ಸುಡುವುದರಲ್ಲಿ ಅರ್ಧ ಬೆಂದದ್ದು ಬಹಳ ಬರುತ್ತದೆ. ಬೆರಳ ಗೆಣ್ಣಿನಿಂದ ಬಡಿದರೆ ಕಂಚಿನ ಹಾಗೆ ಕಣಕಣಿಸಬೇಕು. ಮಂದವಾಗಿ ಟೊಕ್ ಎಂದರೆ ಒಂದೋ ಬೆಂದಿಲ್ಲ, ಇಲ್ಲವೇ ಕಣ್ಣಿಗೆ ಕಾಣದ ಬಿರುಕಿದೆ. ಬಿರುಕಿರುವ ಮಡಕೆಗೆ ಅಂಟು ಮೆತ್ತಿದರೂ ಬಾರಿಸುವಾಗ ಜೇನಿನ ಹಾಗೆ ಗುಂಯ್‌ಗುಡುತ್ತದೆ. ಹತ್ತು ಮಡಕೆಗೆ ಕಡಿಮೆ ಯಾವ ಕುಂಬಾರರೂ ಬೇರೆ ಅಳತೆಯ ಕೆಲಸ ಹಿಡಿಯುವುದಿಲ್ಲ, ಹತ್ತರಲ್ಲಿ ಆರೋ ಏಳೋ ಕೆಲಸಕ್ಕೆ ಬಂದರೆ ಆ ಆವೆ ಚೆನ್ನಾಗಿ ಸುಟ್ಟಿತು ಎಂದೇ ಅರ್ಥ. ಒಂದಕ್ಕೆ 220, 250 ಹೀಗೆ ಕೊಟ್ಟಿದ್ದೇನೆ. ಕೆಟ್ಟದ್ದರ ಬೆಲೆಯೂ ಒಳ್ಳೆಯದರ ತಲೆಯ ಮೇಲೆಯೇ ಬೀಳುವುದರಿಂದ ನಿಜವಾದ ಬೆಲೆ 350 ಎಂದು ಹಿಡಿಯಿರಿ.

ಚರ್ಮದ ವಿಷಯಕ್ಕೆ ಬರುತ್ತೇನೆ. ನನ್ನ ಸೋಲೆಲ್ಲ ಇಲ್ಲೇ ಇದ್ದದ್ದು.

ಮಟನ್ ಅಂಗಡಿಯಲ್ಲಿ ಸಿಗುವ ಚರ್ಮಕ್ಕೆ ಉಪ್ಪು ಹಾಕಿರುತ್ತಾರೆ, ಕೊಳೆಯದಿರಲಿ ಎಂದು. ಉಪ್ಪು ನಾರಿನೊಳಗೆ ಇಳಿದ ಚರ್ಮ ಗಾಳಿಯ ತೇವವನ್ನು ಹೀರುತ್ತದೆ, ಮಳೆಗಾಲದಲ್ಲಿ ಉಪ್ಪಿನ ಡಬ್ಬಿ ಒದ್ದೆಯಾಗುವುದಿಲ್ಲವೇ, ಅದೇ ಕತೆ. ಮೊದಲ ವರ್ಷ ಹೊದೆಸಿದ ಹದಿನಾರೋ ಹದಿನೇಳೋ ಚರ್ಮ ಹಗಲು ಚೆನ್ನಾಗಿ ನುಡಿದು ರಾತ್ರಿ ಜೋತು ಬಿದ್ದದ್ದಕ್ಕೆ ಕಾರಣ ಇದೇ. ಆಡಿನ ಚರ್ಮಕ್ಕೆ ಕೆಟ್ಟ ಹೆಸರು ಬಂದದ್ದೂ ಬಹುಪಾಲು ಇದರಿಂದಲೇ ಎಂದು ನನ್ನ ತೀರ್ಮಾನ. ನಾನು ಹತ್ತು ನೀರಲ್ಲಿ ತೊಳೆದರೂ ಉಪ್ಪು ಪೂರ್ತಿ ಹೋಗಿರಲಿಲ್ಲ, ನಾಲಗೆಗೆ ತಾಗಿಸಿದರೆ ಗೊತ್ತಾಗುತ್ತಿತ್ತು. ಅಂಗಡಿಯವರಿಗೆ ಮೊದಲೇ ಹೇಳಿಟ್ಟು, ಕೊಯ್ದ ಎರಡು ಮೂರು ತಾಸಿನೊಳಗೆ ಉಪ್ಪು ಮುಟ್ಟಿಸದೆ ತರಬೇಕು. ತಂದ ಕೂಡಲೇ ನೀರಿಗೆ. ಒಂದು ಚರ್ಮಕ್ಕೆ 50ರಿಂದ 80 ರೂಪಾಯಿ. ಕೆಲವು ಸಲ ಸುಮ್ಮನೆ ಕೊಟ್ಟಿದ್ದಾರೆ, ಈಗ ಆಡಿನ ಚರ್ಮಕ್ಕೆ ಕೇಳುವವರಿಲ್ಲ.

ಬೆಳೆದ ಆಡಿನದು ಬೇಡ. ಐದಾರು ತಿಂಗಳ ಮರಿ, ತೂಕ ಎಂಟೊಂಬತ್ತು ಕಿಲೋ ಮೀರದ್ದು. ಒಣಗಿದ ಮೇಲೆ ಅದರ ದಪ್ಪ ಅರ್ಧ ಮಿಲಿಮೀಟರಿನ ಒಳಗೇ ಇರುತ್ತದೆ. ದಪ್ಪ ಚರ್ಮವನ್ನು ಕೆರೆದು ತೆಳು ಮಾಡುವುದು ನನ್ನ ಕೈಯಿಂದ ಆಗಿಲ್ಲ. ಕೆರೆದಲ್ಲಿ ನಾರು ಎದ್ದು, ಬಾರಿಸುತ್ತ ಹೋದ ಹಾಗೆ ಬಟ್ಟೆಯಂತಾಗುತ್ತದೆ. ಹೊಟ್ಟೆಯ ಕಡೆಯ ಚರ್ಮ ಜಾಳು, ಎಳೆದಷ್ಟೂ ಬರುತ್ತದೆ, ಅದನ್ನು ಬಿಡಿ. ಬೆನ್ನಹುರಿಯ ಗೆರೆ ಗುಮಟೆಯ ಬಾಯಿಯ ನಟ್ಟನಡುವೆ ಹಾಯುವ ಹಾಗೆ ಕತ್ತರಿಸಿದರೆ ಎರಡು ಮಗ್ಗುಲೂ ಒಂದೇ ಸಮ ಬರುತ್ತವೆ. ಗೆರೆ ಒಂದು ಪಕ್ಕಕ್ಕೆ ಸರಿದರೆ ಒಂದು ಮಗ್ಗುಲು ಬಿಗಿ, ಇನ್ನೊಂದು ಸಡಿಲ. 8 ಇಂಚಿನ ಬಾಯಿಗೆ 14 ಇಂಚು ಅಗಲದ ದುಂಡು ತುಂಡು ಬೇಕು, ಅಂದರೆ ಒಂದು ಮರಿಗೆ ಒಂದೇ ಗುಮಟೆ.

ಕೂದಲು ತೆಗೆಯಲು ಚಿಪ್ಪಿನ ಸುಣ್ಣ, ಒಂದು ಕೊಡ ನೀರಿಗೆ ದೊಡ್ಡ ಎರಡು ಹಿಡಿ. ಎರಡು ದಿನ. ದಿನಕ್ಕೆ ನಾಲ್ಕು ಸಲ ತಿರುವಬೇಕು, ಮಡಿಕೆಯಾಗಿ ಕೂತ ಕಡೆ ಸುಣ್ಣ ಇಳಿಯುವುದಿಲ್ಲ, ಅಲ್ಲಿ ಕೂದಲೂ ಬಿಡುವುದಿಲ್ಲ. ಹೆಬ್ಬೆರಳಿಂದ ತಳ್ಳಿದರೆ ಕೂದಲು ಜಾರಿ ಬಂದರೆ ಸಾಕು, ತೆಗೆದುಬಿಡಿ. ನಾಲ್ಕು ದಿನ ಬಿಟ್ಟ ಚರ್ಮ ಉಬ್ಬಿ ರಬ್ಬರಿನ ಹಾಗಾಗುತ್ತದೆ, ಒಣಗಿದ ಮೇಲೆ ಹಪ್ಪಳ. ಕೂದಲು ಬಿಟ್ಟ ಮೇಲೆ ಒಳಮೈಯ ಮಾಂಸ, ಪೊರೆ ಎಲ್ಲವನ್ನೂ ಮೊಂಡು ಕತ್ತಿಯಿಂದ ಬಾಳೆದಿಂಡಿನ ಮೇಲೆ ಹಾಸಿ ಕೆರೆಯುವುದು. ದಿಂಡು ಮೆತ್ತಗಿರುವುದರಿಂದ ಚರ್ಮಕ್ಕೆ ಗಾಯವಾಗುವುದಿಲ್ಲ. ಹಲಗೆಯ ಮೇಲೆ ಕೆರೆದು ನಾಲ್ಕು ಚರ್ಮ ತೂತು ಮಾಡಿಕೊಂಡಿದ್ದೆ.

ಸುಣ್ಣ ಬಿಡಿಸುವುದು ಬಹಳ ಜನ ಅರ್ಧಕ್ಕೇ ಬಿಡುವ ಕೆಲಸ. ಸುಣ್ಣ ಉಳಿದ ಚರ್ಮ ಆರು ತಿಂಗಳಿಗೆ ಬಿರಿಯುತ್ತದೆ. ಹುಣಸೆ ನೀರು ಹಾಕಿ ನೋಡಿದೆ, ಹುಳಿ ಜಾಸ್ತಿಯಾಗಿ ಚರ್ಮ ಮತ್ತೆ ಉಬ್ಬಿತು. ಹಳಸಿದ ಅಕ್ಕಚ್ಚು, ಅಂದರೆ ಅಕ್ಕಿ ತೊಳೆದ ನೀರು, ಸರಿಹೋಯಿತು. ಎರಡು ದಿನದ ಅಕ್ಕಚ್ಚಿನಲ್ಲಿ ಒಂದು ರಾತ್ರಿ, ಬೆಳಿಗ್ಗೆ ಹರಿಯುವ ನೀರಿನಲ್ಲಿ ತೊಳೆತ. ಬಿಟ್ಟಿದೆಯೋ ಇಲ್ಲವೋ ನೋಡಲು ಒಂದು ಮೂಲೆ ಕತ್ತರಿಸಿ ಆ ಅಂಚಿಗೆ ಅರಿಶಿನ ಹಚ್ಚಿ. ಕೆಂಪಾದರೆ ಸುಣ್ಣ ಇನ್ನೂ ಒಳಗಿದೆ. ಹಳದಿಯೇ ಉಳಿದರೆ ಮುಗಿಯಿತು. ಅಕ್ಕಚ್ಚಿನ ಜೊತೆ ಇನ್ನೂ ಒಂದು ಸೊಪ್ಪಿನ ರಸ ಸೇರಿಸುತ್ತೇನೆ, ಅದನ್ನು ಸದ್ಯಕ್ಕೆ ಹೇಳುವುದಿಲ್ಲ. ಅದಿಲ್ಲದೆಯೂ ಗುಮಟೆ ಆಗುತ್ತದೆ, ಇದ್ದರೆ ಹುಳು ಹಿಡಿಯುವುದು ಕಡಿಮೆ.

ಈಗ ಬಿಗಿಯುವುದು, ಜನ ನಕ್ಕದ್ದು ಇದಕ್ಕೇ. ರೂಢಿಯಲ್ಲಿ ಇಬ್ಬರು ಮೂವರು ಸೇರಿ ಒದ್ದೆ ಚರ್ಮವನ್ನು ಕೈಯಿಂದ ಎಳೆದು ಹಿಡಿಯುತ್ತಾರೆ, ಒಬ್ಬ ಹುರಿ ಸುತ್ತುತ್ತಾನೆ. ಉಡದ ಚರ್ಮಕ್ಕೆ ಅದು ಸಾಕಿತ್ತು. ಆಡಿನದಕ್ಕೆ ಸಾಲದು. ಒಬ್ಬನ ಕೈ ಬಲ, ಒಬ್ಬನದು ಸೋಲು, ಬಿಗಿ ಎಂದೂ ಸಮ ಬರುವುದಿಲ್ಲ, ಹೋದ ಸಲ ಎಷ್ಟು ಎಳೆದಿದ್ದೆವು ಎಂಬ ಲೆಕ್ಕವೂ ಇರುವುದಿಲ್ಲ. ನಾನು ಕೈಯ ಬದಲು ನೀರಿನ ಬಾಟಲಿ ನೇತುಹಾಕಿದೆ. ಒಂದು ಲೀಟರಿನ ಖಾಲಿ ಬಾಟಲಿ ಹನ್ನೆರಡು. ತುಂಬಿದರೆ ಒಂದೊಂದು ಒಂದು ಕಿಲೋ, ತಕ್ಕಡಿಯೇ ಬೇಡ.

ಮಡಕೆಯನ್ನು ದೊಡ್ಡ ಬಾಯಿ ಮೇಲೆ ಮಾಡಿ, ಸೊಂಟದೆತ್ತರದ ಮರದ ಕೊರಡಿನ ಮೇಲೆ ಬಟ್ಟೆಯ ಸಿಂಬೆ ಇಟ್ಟು ಕೂರಿಸಿ. ಕೊರಡು ಮಡಕೆಯ ಹೊಟ್ಟೆಗಿಂತ ಸಣ್ಣದಿರಬೇಕು, ಬಾಟಲಿಗಳು ಸುತ್ತಲೂ ಎಲ್ಲಿಯೂ ತಾಗದೆ ತೂಗಬೇಕು. ಚರ್ಮದ ಅಂಚಿಗೆ ತೂತು ಮಾಡಿ ದಾರ ಪೋಣಿಸಬೇಡಿ, ತೂಕ ಬಿದ್ದ ಕೂಡಲೇ ತೂತಿನಿಂದ ಸೀಳುತ್ತದೆ. ಅಂಚಿನೊಳಗೆ ಒಂದೊಂದು ಹುಣಸೆಬೀಜ ಇಟ್ಟು, ಚರ್ಮವನ್ನು ಅದರ ಸುತ್ತ ಮುದುಡಿ, ಹೊರಗಿನಿಂದ ದಾರ ಬಿಗಿದು ಗುಬ್ಬಿ ಕಟ್ಟಿ. ಹನ್ನೆರಡು ಗುಬ್ಬಿ, ಗಡಿಯಾರದ ಅಂಕಿಗಳ ಹಾಗೆ ಸಮ ದೂರದಲ್ಲಿ. ಗುಬ್ಬಿ ಜಾರಿದ್ದು ನನಗೆ ಒಂದು ಸಲವೂ ಇಲ್ಲ.

ಮೊದಲು ಅರ್ಧರ್ಧ ಬಾಟಲಿ ನೀರು, ಅಂದರೆ ಒಟ್ಟು ಆರು ಕಿಲೋ. ಒಂದು ತಾಸು ಬಿಟ್ಟು ಎದುರುಬದುರಿನವನ್ನು ಜೋಡಿ ಜೋಡಿಯಾಗಿ ತುಂಬುತ್ತಾ ಬನ್ನಿ, ಹನ್ನೆರಡು ಕಿಲೋ ಆಗಲಿ. ಒಂದೇ ಸಲಕ್ಕೆ ಪೂರ್ತಿ ಹಾಕಿದರೆ ಬೆನ್ನಗೆರೆಯ ಪಕ್ಕ ಸುಕ್ಕು ಉಳಿಯುತ್ತದೆ. ಹುರಿ ಕಟ್ಟದೆ ಹಾಗೇ ನೆರಳಲ್ಲಿ ಒಣಗಬೇಕು. ಫ್ಯಾನು ಹಾಕಬಾರದು, ಗಾಳಿ ಬೀಸಿದ ಮಗ್ಗುಲು ಮೊದಲು ಒಣಗಿ ಉಳಿದ ಕಡೆಯನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಮಾಘದ ಒಣಹವೆಯಲ್ಲಿ ಎರಡು ದಿನ ಹಿಡಿಯುತ್ತದೆ.

ಇಲ್ಲಿಗೆ ಎಲ್ಲರೂ ನಿಲ್ಲಿಸುತ್ತಾರೆ. ನಾನೂ ಮೊದಲು ನಿಲ್ಲಿಸಿದ್ದೆ, ಚರ್ಮ ಒಂದೇ ವಾರಕ್ಕೆ ಇಳಿಯಿತು. ಹೊಸ ಹಗ್ಗ ಮೊದಲ ನಾಲ್ಕು ದಿನ ಉದ್ದವಾಗುವ ಹಾಗೆ ಹೊಸ ಚರ್ಮವೂ ಎಳೆತಕ್ಕೆ ನಿಧಾನವಾಗಿ ಬಿಡುತ್ತ ಹೋಗುತ್ತದೆ. ಆ ಬಿಡುವುದನ್ನು ಗುಮಟೆಯ ಮೇಲೆ ಆಗಗೊಡದೆ ಬಾಟಲಿಯ ಮೇಲೆಯೇ ಮುಗಿಸಿಬಿಡಬೇಕು. ಹಾಗಾಗಿ ಒಣಗಿದ ಚರ್ಮವನ್ನು ಮೂರನೆಯ ದಿನ ಒದ್ದೆ ಬಟ್ಟೆ ಹೊದೆಸಿ ಮತ್ತೆ ನೆನೆಸಿ, ಎರಡನೆಯ ಸಲ ಎಳೆದೆ. ಈ ಸಲ ಬಾಟಲಿಗೆ ನೀರಲ್ಲ, ಒಣ ಮರಳು. ಅದೇ ಬಾಟಲಿ ಒಂದೂವರೆ ಕಿಲೋ ಮೀರಿ ತೂಗುತ್ತದೆ, ಹನ್ನೆರಡಕ್ಕೆ ಹದಿನೆಂಟು ಹತ್ತೊಂಬತ್ತು ಕಿಲೋ. ಸುಗ್ಗಿ ಗುಮಟೆಗೆ ಹನ್ನೆರಡೂ ಮರಳಿನವು. ಪಾಂಗಿನದಕ್ಕೆ ಆರು ಮರಳು, ಆರು ನೀರು, ಒಂದು ಬಿಟ್ಟು ಒಂದು. ಮೊದಲ ಸಲಕ್ಕೂ ಎರಡನೆಯ ಸಲಕ್ಕೂ ನಡುವೆ ಚರ್ಮ ಸುತ್ತಲೂ ಅರ್ಧ ಇಂಚು ಕೆಳಗೆ ಇಳಿದಿರುತ್ತದೆ. ಅಷ್ಟು ಸಡಿಲು ಗುಮಟೆಯ ಮೇಲೆ ಉಳಿಯುತ್ತಿತ್ತು ಎಂದು ಲೆಕ್ಕ ಹಾಕಿ. ಇಪ್ಪತ್ತೈದು ಕಿಲೋವರೆಗೂ ಹೋಗಿ ನೋಡಿದ್ದೇನೆ. ಚರ್ಮ ತಡೆಯಿತು, ಒಣಗುವಾಗಿನ ಕುಗ್ಗುವಿಕೆಯೂ ಸೇರಿ ರಾತ್ರಿ ಮಡಕೆಯ ಬಾಯಿ ಸೀಳಿತು. 250 ರೂಪಾಯಿ ಹೋಯಿತು.

ಹುರಿ ಕಟ್ಟುವುದು ಎರಡನೆಯ ಎಳೆತದಲ್ಲಿ, ಬಾಟಲಿ ತೂಗುತ್ತಿರುವಾಗಲೇ, ಚರ್ಮ ಇನ್ನೂ ಒದ್ದೆ ಇರುವಾಗ. ಅದಕ್ಕೆ ಮುಂಚೆ ಚರ್ಮವನ್ನು ಒಂದೊಂದು ಮಗ್ಗುಲು ಎತ್ತಿ ಅಂಚಿಗೂ ಕಂಠಕ್ಕೂ ಹುಣಸೆಬೀಜದ ಅಂಟು ಸವರಬೇಕು. ಬೀಜ ಹುರಿದು ಸಿಪ್ಪೆ ತೆಗೆದು, ಒಂದು ರಾತ್ರಿ ನೆನೆಸಿ ಅರೆದು ಗಂಜಿಯ ಹಾಗೆ ಕುದಿಸಿದ್ದು. ಬಿಳಿ ಮರಗೆಲಸದ ಗೋಂದು ಹಚ್ಚಿದ್ದೆ, ಸೆಕೆಗೆ ಮೆತ್ತಗಾಗಿ ಜಾರಿತು. ಎರಡು ಟ್ಯೂಬು ಬೆರೆಸುವ ಗಟ್ಟಿ ಅಂಟು ಜಾರುವುದಿಲ್ಲ, ಆದರೆ ಮುಂದಿನ ಸಲ ಚರ್ಮ ತೆಗೆಯುವಾಗ ಮಡಕೆಯ ಅಂಚನ್ನೂ ಕಿತ್ತುಕೊಂಡು ಬರುತ್ತದೆ. ಹುಣಸೆಬೀಜದ್ದು ಒದ್ದೆ ಬಟ್ಟೆ ಸುತ್ತಿಟ್ಟರೆ ಬಿಟ್ಟುಕೊಡುತ್ತದೆ. ಅದರ ಮೇಲೆ ಜೇನುಮೇಣ ಉಜ್ಜಿದ ಹತ್ತಿಯ ಹುರಿ, ಎಂಟು ಸುತ್ತು. ಕತ್ತದ ಹಗ್ಗ ನೋಡಲು ಚಂದ, ಒದ್ದೆಯಾದಾಗ ಒಂದು ಬಗೆ, ಒಣಗಿದಾಗ ಇನ್ನೊಂದು ಬಗೆ. ಹಳಬರಿಗೆ ಬೇಕೇಬೇಕೆಂದರೆ ಹತ್ತಿ ಹುರಿಯ ಮೇಲೆ ಅಂದಕ್ಕೆ ಎರಡು ಸುತ್ತು ಸುತ್ತಿಕೊಡುತ್ತೇನೆ.

ಪೂರ್ತಿ ಒಣಗಿದ ಮೇಲೆಯೇ ಬಾಟಲಿ ಇಳಿಸಿ, ಗುಬ್ಬಿ ಕತ್ತರಿಸಿ. ಆಮೇಲೂ ನಾಲ್ಕು ದಿನ ಬಾರಿಸಬೇಡಿ. ಅವಸರಕ್ಕೆ ಮರುದಿನವೇ ಬಾರಿಸಿದವು ನಡುವೆ ತಗ್ಗು ಬಿದ್ದವು.

ಸಣ್ಣ ಬಾಯಿಯ ಕಾಲು ಇಂಚಿನ ಮಾತು. ಮೊದಲು ಎಲ್ಲಕ್ಕೂ 3 ಇಂಚು ಇಡಿಸಿದ್ದೆ, ಅಂಗೈ ಪೂರ್ತಿ ಮುಚ್ಚಲಿ ಎಂದು. ಗುಮ್ಮೆನ್ನುವುದು ಬಂತು, ಆದರೆ ಏಟಿನ ದನಿಯೆಲ್ಲ ಒಳಗೇ ಉಳಿಯಿತು. ಒಂದು ಮಡಕೆಯ ಬಾಯನ್ನು ಅರದಿಂದ ಸ್ವಲ್ಪ ಸ್ವಲ್ಪವೇ ಅಗಲ ಮಾಡುತ್ತ, ಫೋನಿನ ಆ್ಯಪ್‌ನಲ್ಲಿ ನೋಡುತ್ತ ಹೋದೆ. 3 ಮುಕ್ಕಾಲಿನಲ್ಲಿ, ಕೈ ತೆಗೆದಾಗ ಮಡಕೆಯ ಗಾಳಿಯ ದನಿ 150 ಹರ್ಟ್ಸ್‌ನ ಆಸುಪಾಸು, ಅಂಗೈ ಅರ್ಧ ಮುಚ್ಚಿದರೆ 110ರ ಹತ್ತಿರ. ಗಂಡಸರ ಹಾಡಿನ ಕೆಳಗಿನ ಸ್ವರ ಇಲ್ಲೇ ಎಲ್ಲೋ ಇರುವುದರಿಂದ ಪಾಂಗಿಗೆ ಇದೇ ಸರಿ ಎಂದು ಕಿವಿಯೂ ಹೇಳಿತು. 4 ದಾಟಿದರೆ ಗಾಳಿಯ ದನಿ ಏರುತ್ತದೆ, ಗುಮ್ ತೆಳುವಾಗುತ್ತದೆ, ಏಟು ಮಾತ್ರ ದೂರ ಹೋಗುತ್ತದೆ. ಜಾಗಟೆಯ ಜೊತೆ ಬೇಕಾದ್ದು ಅದೇ. ಆ್ಯಪ್‌ ಅಂಕಿ ನಂಬಿ ಹೊಸ ಮಡಕೆ ಮಾಡಿಸಬೇಡಿ, ಹೊಟ್ಟೆ ಸ್ವಲ್ಪ ಹೆಚ್ಚುಕಡಿಮೆಯಾದರೂ ಅಂಕಿ ಬದಲು. ಸಣ್ಣ ಬಾಯನ್ನು ಕಿರಿದಾಗಿ ಮಾಡಿಸಿ ಆಮೇಲೆ ಅರದಿಂದ ಹಿಗ್ಗಿಸಿಕೊಳ್ಳುವುದೇ ಜಾಣತನ. ಹಿಗ್ಗಿದ್ದನ್ನು ಕಿರಿದು ಮಾಡಲಾಗುವುದಿಲ್ಲ.

ನಡುನಡುವೆ ಮಾಡಿ ಬಿಟ್ಟ ಪ್ರಯೋಗಗಳೂ ಇವೆ. ಹಳೆಯ ಎಕ್ಸ್‌ರೇ ಹಾಳೆ ಅಂಟಿಸಿದೆ. ತೇವಕ್ಕೆ ಜಗ್ಗುವುದಿಲ್ಲ, ದನಿ ಮಾತ್ರ ಬಿಸ್ಕತ್ತಿನ ಡಬ್ಬಿಯದು. ಶಾಲೆ ಮಕ್ಕಳ ಅಭ್ಯಾಸಕ್ಕೆ ಎರಡು ಮಾಡಿಕೊಟ್ಟಿದ್ದೇನೆ, ಅಷ್ಟಕ್ಕೆ ಅಡ್ಡಿಯಿಲ್ಲ. ಬಾಂಗೊದ ಪ್ಲಾಸ್ಟಿಕ್ ಹೊದಿಕೆ ಬಿಸಿಮಾಡಿ ಕೂರಿಸಲು ಹೋಗಿ 600 ರೂಪಾಯಿ ಕಳೆದೆ. ಚರ್ಮದ ಮೇಲೆ ಕೊಬ್ಬರಿ ಎಣ್ಣೆ ಸವರಿದರೆ ತೇವ ತಡೆಯುತ್ತದೆ ಎಂದು ಹೇಳುವವರಿದ್ದಾರೆ. ಎಣ್ಣೆ ನಾರನ್ನು ಮೆತ್ತಗೆ ಮಾಡುತ್ತದೆ, ದನಿ ಸತ್ತೇ ಹೋಗುತ್ತದೆ. ಜೇನುಮೇಣವನ್ನು ಬಾರಿಸುವ ಜಾಗ ಬಿಟ್ಟು ಅಂಚಿನ ಒಂದು ಇಂಚಿಗೆ ಮಾತ್ರ ಬಿಸಿಮಾಡಿ ಉಜ್ಜಿದ್ದು ಕೆಲಸ ಮಾಡಿತು. ಇಬ್ಬನಿ ಮೊದಲು ಇಳಿಯುವುದು ಚರ್ಮ ಮಡಿದ ಅಂಚಿನಲ್ಲೇ. ಮಡಕೆಯ ಒಳಮೈಗೆ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಹಚ್ಚಿದ್ದೂ ಒಳ್ಳೆಯದಾಯಿತು, ಮಡಕೆ ತೇವ ಹೀರಿ ಒಳಗಿನಿಂದ ಚರ್ಮಕ್ಕೆ ಕೊಡುವುದು ನಿಂತಿತು. ಗೇರೆಣ್ಣೆ ಕೈಗೆ ತಾಗದಂತೆ ನೋಡಿಕೊಳ್ಳಿ, ಬೊಕ್ಕೆ ಏಳುತ್ತದೆ. ಚರ್ಮ ಹೊದೆಸುವ ಹದಿನೈದು ದಿನ ಮೊದಲೇ ಹಚ್ಚಿ ಬಿಸಿಲಿಗಿಡಬೇಕು.

ಬೆಂಕಿ ಕಾಯಿಸುವುದು ಹುಲ್ಲಿನ ಉರಿಗೆ ಎರಡು ಮೊಳ ದೂರದಿಂದ, ತಿರುಗಿಸುತ್ತ, ಎರಡು ಮೂರು ನಿಮಿಷ. ಅಂಗೈ ಇಟ್ಟರೆ ಹಿತವಾಗಿ ಬೆಚ್ಚಗಿದ್ದರೆ ಸಾಕು. ಒದ್ದೆಯಾದ ಚರ್ಮವನ್ನು ಕೆಂಡದ ಹತ್ತಿರ ಹಿಡಿದರೆ ಒಂದೇ ಕ್ಷಣಕ್ಕೆ ಮುದುಡಿ ಗಂಟಾಗುತ್ತದೆ, ಆಮೇಲೆ ಏನು ಮಾಡಿದರೂ ಮರಳುವುದಿಲ್ಲ. ಕಳೆದ ವರ್ಷ ಕೊಟ್ಟ ಗುಮಟೆಗಳಲ್ಲಿ ಹಾಳಾಗಿ ಬಂದ ಎರಡೂ ಹೀಗೇ ಹಾಳಾದವು. ಈಗ ಕೊಡುವಾಗ ಚರ್ಮದ ಮೇಲೆಯೇ ಸೀಸದ ಕಡ್ಡಿಯಲ್ಲಿ ‘ಕೆಂಡ ಬೇಡ’ ಎಂದು ಬರೆದು ಕೊಡುತ್ತೇನೆ.

ಖರ್ಚಿನ ಲೆಕ್ಕ ಬರೆದಿಟ್ಟಿಲ್ಲ, ನೆನಪಿನಿಂದ ಹೇಳುತ್ತೇನೆ. ಎರಡು ವರ್ಷದಲ್ಲಿ ಮಡಕೆ ನಲವತ್ತರ ಹತ್ತಿರ, ಅದರಲ್ಲಿ ಇಪ್ಪತ್ತು ಇಪ್ಪತ್ತೆರಡು ವ್ಯರ್ಥ. ಚರ್ಮ ಮೂವತ್ತಕ್ಕೂ ಮೇಲೆ ಹಾಳು. ಹುರಿ, ಅಂಟು, ಓಡಾಟ ಎಲ್ಲ ಸೇರಿ ಹದಿಮೂರು ಸಾವಿರ ನೀರಿಗೆ ಹೋಗಿದೆ. ಈಗ ಒಂದು ಗುಮಟೆಗೆ ಕೈಯಿಂದ ಬೀಳುವುದು ಮಡಕೆ 350, ಚರ್ಮ 80, ಉಳಿದದ್ದು 120, ಒಟ್ಟು 550. ದಿನ ಲೆಕ್ಕ ಹಿಡಿದರೆ ಹತ್ತು ದಿನದ ಕೆಲಸ, ಆದರೆ ಬಾಟಲಿ ತೂಗುವಾಗ ನಮಗೇನೂ ಕೆಲಸವಿರುವುದಿಲ್ಲವಾದ್ದರಿಂದ ಒಟ್ಟಿಗೆ ಐದಾರು ಹಾಕಿಕೊಳ್ಳಬಹುದು. 1,600ಕ್ಕೆ ಕೊಡುತ್ತಿದ್ದೇನೆ, ಮರುಹೊದಿಕೆಗೆ 500. ಹಾಕಿದ ದುಡ್ಡು ಇನ್ನೂ ಪೂರ್ತಿ ಬಂದಿಲ್ಲ.

ಸುಗ್ಗಿ ಮುಗಿದ ಮೇಲೆ ಗುಮಟೆಯನ್ನು ಮೊದಲಿನಂತೆ ಒಲೆಯ ಮೇಲಿನ ಅಟ್ಟದಲ್ಲಿ ಇಡುವವರು ಇಡಲಿ, ಹೊಗೆಯಿಂದ ಹುಳ ಬರುವುದಿಲ್ಲ. ಗ್ಯಾಸ್ ಒಲೆಯ ಮನೆಯಲ್ಲಿ ಮಳೆಗಾಲಕ್ಕೆ ಅಕ್ಕಿ ಡ್ರಮ್ಮಿನೊಳಗೆ ಹುಗಿದಿಡಿ, ಒಣ ಅಕ್ಕಿ ತೇವ ಎಳೆದುಕೊಳ್ಳುತ್ತದೆ. ಸಣ್ಣ ಬಾಯಿಗೆ ಬಟ್ಟೆ ತುರುಕದಿದ್ದರೆ ಇಲಿ ಒಳಗಿನಿಂದ ಚರ್ಮ ಕಡಿಯುತ್ತದೆ.

ಕುಂದಾಪುರ, ಬಾರಕೂರು ಕಡೆಯ ಕುಡುಬಿಯರೂ ಹೋಳಿಗೆ ಗುಮಟೆ ಬಾರಿಸುವವರು, ಗೋವಾದಿಂದ ಬರುವಾಗ ಜೊತೆಗೆ ತಂದ ವಾದ್ಯ ಅದು. ಆ ಕಡೆಯಿಂದ ಬಂದ ಕೇಳಿಕೆ 9 ಇಂಚಿನ ಬಾಯಿಯದು. ಹನ್ನೆರಡು ಬಾಟಲಿ ಅದಕ್ಕೆ ಸಾಲುತ್ತಿಲ್ಲ, ಗುಬ್ಬಿಗಳ ನಡುವೆ ಚರ್ಮ ಅಲೆ ಅಲೆಯಾಗಿ ನಿಲ್ಲುತ್ತಿದೆ. ಹದಿನಾರಕ್ಕೆ ಏರಿಸಿ, ಒಂದೊಂದಕ್ಕೆ ಮುಕ್ಕಾಲು ಬಾಟಲಿ ಮರಳು ಹಾಕಿ ಒಂದು ತೂಗುಬಿಟ್ಟಿದ್ದೇನೆ. ನಾಡಿದ್ದು ಹುರಿ ಕಟ್ಟುವುದು.